ಆರೋಗ್ಯವಂತ ನಂಬರ್ ಏಳು

ನಮ್ಮ ಪಕ್ಕದ ಮನೆಯ ಗಾಜಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಹಾಜರಿ ಪುಸ್ತಕ ಒಂದನ್ನು ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿಲ್ಲ. ಮೂವತ್ತೊಂದು ವರ್ಷದಿಂದ ಅವನು ಒಂದು ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಗಾಜಿನ ಸಾಮಾನು ತೊಳೆಯುತ್ತಾನೆ. ಮೇಲಿನ ನಾಲ್ಕು ಅಂತಸ್ತುಗಳಲ್ಲಿ ವಿಜ್ಞಾನಿಗಳು ಏನೇನು ಕಂಡುಹಿಡಿದರೂ ಅದರ ತಳಕ್ಕೆ ಅಂಟಿದ್ದು ಕೊನೆಗೆ ಗಾಜಣ್ಣನ ತೊಟ್ಟಿಗೇ ಇಳಿದು ಬರುತ್ತದೆ. "ಮೇಲೆ ಅವರು ಜ್ಞಾನ ಮಾಡ್ತಾರೆ, ಕೆಳಗೆ ನಾನು ಅದನ್ನ ತಿಕ್ಕಿ ತೆಗೀತೀನಿ" ಎಂದು ಅವನೇ ಹೇಳುತ್ತಿರುತ್ತಾನೆ.

ತಿಕ್ಕುವುದಕ್ಕೂ ಒಂದು ಕ್ರಮವಿದೆ. ಮೊದಲು ಸೋಪಿನ ನೀರಿನಲ್ಲಿ ನೆನೆಸಬೇಕು. ಆಮೇಲೆ ಬ್ರಷ್ಷು, ಆಮೇಲೆ ನಲ್ಲಿ ನೀರು. ಕೊನೆಗೆ ಶುದ್ಧ ನೀರು ಹಾಕಿ ಮೂರು ಸಲ ಜೋರಾಗಿ ಕುಲುಕಿ ಒಂದು ಸಲ ಮಗುಚಬೇಕು. ಎರಡೇ ಸಲ ಕುಲುಕಿದ ಬಾಟಲಿಯನ್ನು ಗಾಜಣ್ಣ ಬೆಳಕಿಗೆ ಹಿಡಿದು ಕಂಡುಹಿಡಿಯುತ್ತಾನೆ ಎಂಬ ಪ್ರತೀತಿ ಇದೆ. ಪ್ರತೀತಿಯನ್ನು ಹುಟ್ಟಿಸಿದವನೂ ಅವನೇ.

ಅವನ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ಬಿಗಿ ಮಾಡಿ ಸಡಿಲ ಮಾಡಿ ಕೊಡುತ್ತಾರೆ. ಸಡಿಲ ಮಾಡುವ ಕೆಲಸವೇ ಜಾಸ್ತಿ, ಎಲ್ಲರೂ ದಪ್ಪಗಾಗುತ್ತಿದ್ದಾರಂತೆ. ಎರಡು ಮನೆಗೂ ಒಂದೇ ಗೋಡೆಯಾದ್ದರಿಂದ ಆ ಯಂತ್ರದ ಸದ್ದು ನಮ್ಮ ಮನೆಯ ಗಡಿಯಾರವೂ ಹೌದು. ಅದು ನಿಂತರೆ ಊಟದ ಹೊತ್ತು ಎಂದರ್ಥ. ಊಟಕ್ಕೆ ಕೂತಾಗಲೂ ಅತ್ತಿಗೆಯ ಬಲಗಾಲು ಮೇಜಿನ ಕೆಳಗೆ ಇಲ್ಲದ ಯಂತ್ರವನ್ನು ತುಳಿಯುತ್ತಲೇ ಇರುತ್ತದೆ. ನಾವೆಲ್ಲ ಅದನ್ನು ನೋಡಿ ನೋಡಿ ನೋಡದ ಹಾಗೆ ಆಗಿದ್ದೇವೆ.

ಇಂಥ ಮನೆಗೆ ಮೆದುಳಿನ ವಿಷಯ ಬಂದದ್ದು ಮೂರನೇ ಅಂತಸ್ತಿನ ಒಬ್ಬ ಸಂಶೋಧಕಿಯ ಕಡೆಯಿಂದ. ಆಕೆ ಚಿಕ್ಕ ವಯಸ್ಸಿನವಳು. ಮೂಗಿನ ಮೇಲೆ ಕನ್ನಡಕ, ತಲೆಯ ಮೇಲೆ ಮರೆತುಬಿಟ್ಟ ಇನ್ನೊಂದು ಕನ್ನಡಕ. ಆಕೆಯ ಬಾಟಲಿಗಳೆಂದರೆ ಗಾಜಣ್ಣನಿಗೆ ವಿಶೇಷ ಕಾಳಜಿ, ಯಾಕೆಂದರೆ ಅವುಗಳನ್ನು ತೊಳೆದ ಮೇಲೆ ನಾಲ್ಕು ಗಂಟೆ ಭಾರೀ ಶಾಖದ ಒಲೆಯಲ್ಲಿ ಸುಡಬೇಕು. ಆಕೆ ಅಳೆಯುವ ವಸ್ತುವಿನ ಹೆಸರು ಆರ್‌ಎನ್‌ಎ. ಮನುಷ್ಯನ ಬೆರಳಿನ ಬೆವರು ತಾಕಿದರೆ ಸಾಕು, ಅದು ಚೂರುಚೂರಾಗುತ್ತದೆ.

ಒಂದು ದಿನ ಆಕೆ ನೆಲಮಾಳಿಗೆಗೆ ಇಳಿದು ಬಂದು, ತನಗೆ ಆರೋಗ್ಯವಂತರ ರಕ್ತ ಬೇಕಾಗಿದೆ, ನಲವತ್ತೈದರಿಂದ ಅರವತ್ತೈದರೊಳಗಿನ ವಯಸ್ಸು, ಯಾವ ಔಷಧಿಯನ್ನೂ ತೆಗೆದುಕೊಳ್ಳುತ್ತಿರಬಾರದು, ಕೊಡುತ್ತೀರಾ ಎಂದು ಕೇಳಿದಳು. ಯಾತಕ್ಕೆ ಎಂದು ಗಾಜಣ್ಣ ಕೇಳಿದ. ಆಕೆ ತೊಟ್ಟಿಯ ಅಂಚಿನ ಮೇಲೆ ಕೂತು ವಿವರಿಸಿದಳು. ಮೆದುಳಿನ ರಕ್ತನಾಳಗಳ ಒಳಮೈಯಲ್ಲಿ ಒಂದೇ ಒಂದು ಪದರ ಜೀವಕೋಶಗಳಿರುತ್ತವೆ. ಬೇರೆ ಅಂಗಗಳಲ್ಲಿ ಅವುಗಳ ನಡುವೆ ಅಷ್ಟಿಷ್ಟು ಸಂದು ಇರುತ್ತದೆ. ಮೆದುಳಿನಲ್ಲಿ ಮಾತ್ರ ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗಿರುತ್ತವೆ. ಸಕ್ಕರೆ, ಆಮ್ಲಜನಕ ಇಂಥವು ಒಳಗೆ ಹೋಗುತ್ತವೆ, ರಕ್ತದಲ್ಲಿರುವ ಬೇಡದ್ದೆಲ್ಲ ಹೊರಗೇ ಉಳಿಯುತ್ತದೆ. ಈ ಹೊಲಿಗೆಗೆ ಬೇಕಾದ ಪ್ರೋಟೀನು ಎಷ್ಟು ತಯಾರಾಗಬೇಕು ಎಂಬುದರಲ್ಲಿ ಕೆಲವು ಪುಟಾಣಿ ಆರ್‌ಎನ್‌ಎಗಳ ಕೈವಾಡ ಇದೆ. ಅವುಗಳ ಉದ್ದ ಬರೀ ಇಪ್ಪತ್ತೆರಡು ಅಕ್ಷರದಷ್ಟು. ತಾವಾಗಿ ಅವು ಏನನ್ನೂ ತಯಾರಿಸುವುದಿಲ್ಲ. "ಇಂಥದ್ದನ್ನು ತಯಾರಿಸಿ" ಎಂದು ಹೊರಟ ಆದೇಶದ ಮೇಲೆ ಹೋಗಿ ಕೂತುಬಿಡುತ್ತವೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. (ಇಂಥವರು ನಮ್ಮ ಕಚೇರಿಯಲ್ಲಿ ಮೂರು ಜನ ಇದ್ದಾರೆ. ಆದರೆ ಅವರು ಇಪ್ಪತ್ತೆರಡು ಅಕ್ಷರಕ್ಕಿಂತ ಉದ್ದ ಮಾತಾಡುತ್ತಾರೆ.) ಕೆಲವು ಬಗೆಯ ಪುಟಾಣಿಗಳು ಹೆಚ್ಚಾದರೆ ಹೊಲಿಗೆ ಸಡಿಲವಾಗಿ ಗೋಡೆ ಸೋರುತ್ತದೆ. ಇನ್ನು ಕೆಲವು ಅದೇ ಹೊಲಿಗೆಯನ್ನು ಕಾಯುತ್ತವೆ. ಮೆದುಳಿನ ಗೋಡೆ ಸೋರುವ ರೋಗಿಗಳ ರಕ್ತದಲ್ಲಿ ಯಾವ ಪುಟಾಣಿ ಎಷ್ಟಿದೆ ಎಂದು ಅಳೆಯುವುದು ಆಕೆಯ ಕೆಲಸ. ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಆರೋಗ್ಯವಂತರು ಬೇಕು.

ಗಾಜಣ್ಣನಿಗೆ ಇದರಲ್ಲಿ ಅರ್ಥವಾದದ್ದು ಕೊನೆಯ ವಾಕ್ಯ ಒಂದೇ. ಅದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಅವತ್ತು ಸಂಜೆ ಅವನು ಮನೆಗೆ ಬಂದದ್ದು ನಡೆದುಕೊಂಡಲ್ಲ, ಮೆರವಣಿಗೆಯಲ್ಲಿ. ಜತೆಗೆ ಯಾರೂ ಇರಲಿಲ್ಲ ಅಷ್ಟೆ. ಇಡೀ ಸಂಶೋಧನಾಲಯದಲ್ಲಿ ಇಪ್ಪತ್ತು ಆರೋಗ್ಯವಂತರನ್ನು ಆರಿಸಿದ್ದಾರೆ, ಅದರಲ್ಲಿ ತಾನು ಏಳನೆಯವನು, ರೋಗಿಗಳನ್ನೆಲ್ಲ ಇನ್ನು ಮುಂದೆ ತನ್ನ ಪಕ್ಕದಲ್ಲಿಟ್ಟು ಅಳೆಯುತ್ತಾರೆ ಎಂದು ನಮ್ಮ ಮೆಟ್ಟಿಲ ಮೇಲೆ ನಿಂತು ಘೋಷಿಸಿದ. ಮೊಣಕೈ ಸಂದಿಯಲ್ಲಿ ಹತ್ತಿಯ ತುಂಡನ್ನು ಹಾಗೇ ಉಳಿಸಿಕೊಂಡಿದ್ದ. ಅದನ್ನು ನಾಲ್ಕು ದಿನ ತೆಗೆಯಲಿಲ್ಲ.

ಅತ್ತಿಗೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಗಜಕಡ್ಡಿ ಆಗಿಬಿಟ್ರಾ? ಒಳ್ಳೇದಾಯ್ತು. ನನ್ನದು ಮುರಿದುಹೋಗಿತ್ತು" ಎಂದರು.

ಅಲ್ಲಿಂದ ಐದು ವಾರ ನಾವು ಗಾಜಣ್ಣನ ಆರೋಗ್ಯವನ್ನು ಸಹಿಸಿಕೊಂಡೆವು. ನಾನು ಎರಡು ಸಲ ಸೀನಿದರೆ ಗೋಡೆಯಾಚೆಯಿಂದ ಸಲಹೆ ಬರುತ್ತಿತ್ತು. ಬೆಳಗ್ಗೆ ಎದ್ದು ಎಷ್ಟು ಲೋಟ ನೀರು ಕುಡಿಯಬೇಕು, ಯಾವ ಮಗ್ಗುಲಲ್ಲಿ ಮಲಗಬೇಕು, ಅನ್ನವನ್ನು ಎಷ್ಟು ಸಲ ಅಗಿಯಬೇಕು. ಅವನ ಮಾತಿನಲ್ಲಿ "ನಮ್ಮಂಥ ಆರೋಗ್ಯವಂತರು" ಎಂಬ ಬಹುವಚನ ಸೇರಿಕೊಂಡಿತು. ಉಳಿದ ಹತ್ತೊಂಬತ್ತು ಜನರ ಪರವಾಗಿಯೂ ಅವನೇ ಮಾತಾಡುತ್ತಿದ್ದ.

ಆರನೇ ವಾರದ ಒಂದು ಮಧ್ಯಾಹ್ನ, ಒಣಗಿದ ಬಾಟಲಿಗಳ ಗಾಡಿ ತಳ್ಳಿಕೊಂಡು ಅವನು ಮೂರನೇ ಅಂತಸ್ತಿಗೆ ಹೋದ. ಒಳಗೆ ಸಭೆ ನಡೆಯುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ಮೇಲೆ ಬೆಳಕಿನ ಚಿತ್ರದಲ್ಲಿ ಚುಕ್ಕೆಗಳು. ಮೇಲೆ ಒಂದು ಗುಂಪು ಕೆಂಪು, ರೋಗಿಗಳದ್ದು; ಕೆಳಗೆ ಒಂದು ಗುಂಪು ನೀಲಿ, ಆರೋಗ್ಯವಂತರದ್ದು. ಕೆಂಪು ಗುಂಪಿನ ನಟ್ಟನಡುವೆ ಒಂದೇ ಒಂದು ನೀಲಿ ಚುಕ್ಕೆ, ಮದುವೆಮನೆಗೆ ದಾರಿ ತಪ್ಪಿ ಬಂದವನ ಹಾಗೆ. ವಿಭಾಗದ ಮುಖ್ಯಸ್ಥರಾದ ಪ್ರೊಫೆಸರರು ಅದರ ಮೇಲೆ ಕೋಲಿನ ತುದಿ ಇಟ್ಟು ಹೇಳುತ್ತಿದ್ದರು: "ನಂಬರ್ ಏಳು. ನೋಡೋಕೆ ಆರೋಗ್ಯವಂತ. ಒಳಗೆ ಗೋಡೆ ಸೋರ್ತಾ ಇದೆ, ಅವನಿಗೇ ಗೊತ್ತಿಲ್ಲ."

ಗಾಜಣ್ಣ ಗಾಡಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದ. ಬಾಟಲಿಗಳನ್ನು ಬಿಟ್ಟು ಬಂದದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

ಅವನ ದಿಗಿಲಿನ ಬುಡ ಎಲ್ಲಿತ್ತು ಎಂಬುದು ನಮಗೆ ಗೊತ್ತು. ಅವನ ತಾಯಿ ಕಡೆಯ ನಾಲ್ಕು ವರ್ಷ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು ಒಂದು ಟವೆಲನ್ನು ಮಡಿಸುವರು, ಬಿಡಿಸುವರು, ಮತ್ತೆ ಮಡಿಸುವರು. ಮಡಿಕೆ ಮಾತ್ರ ಅಂಚಿಗೆ ಅಂಚು ಕೂಡುವ ಹಾಗೆ ಸರಿಯಾಗಿರುತ್ತಿತ್ತು. ಗಾಜಣ್ಣ ಕೆಲಸದಿಂದ ಬಂದು ಎದುರಿಗೆ ನಿಂತರೆ ತಲೆ ಎತ್ತಿ, "ಯಾರ ಮನೆ ಹುಡುಗನಪ್ಪಾ ನೀನು?" ಎಂದು ಕೇಳುವರು. ಅವನು ಪ್ರತಿದಿನ "ನಿಮ್ಮನೇದೇ ಅಮ್ಮ" ಎನ್ನುವನು. "ಒಳ್ಳೇದು" ಎಂದು ಅವರು ಟವೆಲಿಗೆ ಮರಳುವರು.

ಸಂಜೆ ಅವನು ನೇರ ನಮ್ಮ ಮನೆಗೆ ಬಂದ. ಚುಕ್ಕೆಯ ಕಥೆ ಹೇಳಿ, ಅದರ ಅರ್ಥವೇನು ಎಂದು ಕೇಳಿದ. ನಾನು ವಿವರಿಸಿದೆ. ಗೊತ್ತಿಲ್ಲದ ವಿಷಯ ವಿವರಿಸುವಾಗ ನನ್ನ ಧ್ವನಿ ತಾನಾಗಿ ಗಂಭೀರವಾಗುತ್ತದೆ, ಅದರಿಂದ ಅವನು ಇನ್ನಷ್ಟು ಹೆದರಿದ. ಅವನ ಪ್ರಶ್ನೆಗಳು ಒಂದರ ಬಾಲ ಒಂದು ಹಿಡಿದುಕೊಂಡು ಬಂದವು. ಗೋಡೆ ಸೋರುತ್ತಿದ್ದರೆ ಒಳಗಿಂದ ಹೊರಕ್ಕೋ, ಹೊರಗಿಂದ ಒಳಕ್ಕೋ? ತಾನು ಮೊನ್ನೆ ಕೊಡೆ ಬಸ್ಸಿನಲ್ಲಿ ಬಿಟ್ಟದ್ದು ಸೋರಿಕೆಯ ಲೆಕ್ಕಕ್ಕೆ ಬರುತ್ತದೋ? ಬೆರಳು ತಾಕಿದರೆ ಸಾಯುವ ಅಷ್ಟು ನಾಜೂಕಿನ ಆರ್‌ಎನ್‌ಎ ರಕ್ತದೊಳಗೆ ಹೇಗೆ ಬದುಕಿತು, ಬದುಕಿ ಗೋಡೆ ಹೇಗೆ ಕೆಡವಿತು? ಈ ಕೊನೆಯದು ನಿಜವಾಗಿ ಒಳ್ಳೆಯ ಪ್ರಶ್ನೆ ಎಂದು ಆಮೇಲೆ ಸಂಶೋಧಕಿ ಹೇಳಿದಳಂತೆ. ಕೆಲವು ಪುಟಾಣಿಗಳು ಸಣ್ಣ ಗುಳ್ಳೆಯೊಳಗೆ, ಕೆಲವು ಪ್ರೋಟೀನನ್ನು ಹೊದ್ದು ರಕ್ತದಲ್ಲಿ ಓಡಾಡುತ್ತವಂತೆ. ನಾನು ಆ ಹೊತ್ತಿಗೆ, ಅದೆಲ್ಲ ಬಹಳ ಸೂಕ್ಷ್ಮ ಎಂದು ಹೇಳಿ ಟೀ ಮಾಡಲು ಎದ್ದುಹೋದೆ.

ಅಷ್ಟರಲ್ಲಿ ಗಂಡನನ್ನು ಹುಡುಕಿಕೊಂಡು ಬಂದು ಕೂತ ಅತ್ತಿಗೆ ಮಾತ್ರ ಪುಟಾಣಿಗಳ ಕೆಲಸವನ್ನು ತಮ್ಮ ಹೊಲಿಗೆಯ ಲೆಕ್ಕದಲ್ಲಿ ಒಂದೇ ಸಲಕ್ಕೆ ಹಿಡಿದುಕೊಂಡರು. ಗಿರಾಕಿ ಕೊಟ್ಟ ಅಳತೆಯ ಚೀಟಿ ಬಟ್ಟೆಗೆ ಚುಚ್ಚಿಕೊಂಡು ಯಂತ್ರಕ್ಕೆ ಬರುತ್ತದೆ. ಆ ಚೀಟಿಯ ಮೇಲೆ ಯಾರೋ ಇನ್ನೊಂದು ಚೂರು ಕಾಗದ ಅಂಟಿಸುತ್ತಾರೆ. ಅದರ ಮೇಲೆ ಏನೂ ಬರೆದಿರಬೇಕಾಗಿಲ್ಲ, ಅಳತೆ ಮುಚ್ಚಿದರೆ ಸಾಕು. ಬಟ್ಟೆ ಹೊಲಿಯದೆ ಹಾಗೇ ಬೀಳುತ್ತದೆ. "ಅಷ್ಟೇ ತಾನೇ? ಇದಕ್ಕೆ ನಾಲ್ಕು ಅಂತಸ್ತು ಯಾಕೆ ಬೇಕಿತ್ತು?" ಎಂದು ಕೇಳಿದರು. ಅವರ ಕಾಲು ಮೇಜಿನ ಕೆಳಗೆ ಎಂದಿಗಿಂತ ಜೋರಾಗಿ ತುಳಿಯುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ, "ಬಿಚ್ಚಿಹೋದ ಹೊಲಿಗೇನ ಮತ್ತೆ ಹಾಕೋಕೆ ಆಗುತ್ತಂತಾ? ಕೇಳಿದ್ರಾ?" ಎಂದರು.

ಅವನು ಕೇಳಿರಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಮುಂದಿನ ಹತ್ತು ದಿನ ಗಾಜಣ್ಣ ತನ್ನ ಗೋಡೆಯನ್ನು ತಾನೇ ಪರೀಕ್ಷೆ ಮಾಡಿದ. ತಲೆಗೆ ಟವೆಲು ಬಿಗಿಯಾಗಿ ಸುತ್ತಿಕೊಂಡು ಮಲಗಿದ. ಬಗ್ಗಿದರೆ ಸೋರಿಕೆ ಜಾಸ್ತಿಯಾದೀತೆಂದು ಚಪ್ಪಲಿಯನ್ನು ಕಾಲಲ್ಲೇ ತಡಕಿ ಹಾಕಿಕೊಂಡ. ಬೆಳಗ್ಗೆ ಎದ್ದ ಕೂಡಲೇ ಸಂಶೋಧನಾಲಯದ ಬಾಟಲಿಗಳ ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ, ದೊಡ್ಡದರಿಂದ ಚಿಕ್ಕದಕ್ಕೆ ಒಪ್ಪಿಸಿದ. ಎಲ್ಲ ಸರಿಯಾಗಿ ಬಂದರೆ, ಇಷ್ಟು ಸರಿಯಾಗಿ ಬರುವುದೇ ಅನುಮಾನ ಎಂದ. ಒಂದು ತಪ್ಪಿದರೆ ಆ ದಿನ ಊಟ ಸೇರಲಿಲ್ಲ. ನಮ್ಮ ಮೆಟ್ಟಿಲ ಮೇಲಿನ ಆರೋಗ್ಯ ಸಲಹೆಗಳು ನಿಂತುಹೋದವು. ನಿಜ ಹೇಳಬೇಕೆಂದರೆ ನಮಗೆ ಬೇಜಾರಾಯಿತು.

ಇತ್ತ ಪ್ರೊಫೆಸರರಿಗೆ ನಂಬರ್ ಏಳು ಕೈಗೆ ಸಿಕ್ಕ ನಿಧಿ. ರೋಗ ಕಾಣಿಸಿಕೊಳ್ಳುವ ಮೊದಲೇ ಸೋರಿಕೆಯನ್ನು ರಕ್ತದಲ್ಲಿ ಹಿಡಿಯಬಹುದು ಎಂಬುದಕ್ಕೆ ಅವರ ಬಳಿ ಈಗ ಒಂದು ಚುಕ್ಕೆ ಇತ್ತು. ಒಂದು ಚುಕ್ಕೆಯಿಂದ ಗೆರೆ ಎಳೆಯಲಾಗದು ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಆದರೆ ಪ್ರೊಫೆಸರರು ಶಾಲೆ ಬಿಟ್ಟು ಬಹಳ ಕಾಲವಾಗಿತ್ತು. ಅವರು ಅದಕ್ಕೆ "ಮೌನ ಸೋರಿಕೆ" ಎಂದು ಹೆಸರಿಟ್ಟು, ಮುಂದಿನ ತಿಂಗಳ ದೊಡ್ಡ ಸಮ್ಮೇಳನದ ಭಾಷಣಕ್ಕೆ ಆ ಹೆಸರನ್ನೇ ಶೀರ್ಷಿಕೆ ಮಾಡಿ ಕಳಿಸಿಬಿಟ್ಟಿದ್ದರು. ಹೆಸರಿಟ್ಟ ಮೇಲೆ ಮಗು ಇಲ್ಲ ಎನ್ನುವುದು ಹೇಗೆ?

ಸಂಶೋಧಕಿಗೆ ಮಾತ್ರ ನಿದ್ದೆ ಇರಲಿಲ್ಲ. ಆ ಚುಕ್ಕೆ ಯಾರದ್ದು ಎಂದು ಆಕೆಗೆ ಗೊತ್ತು. ಆರೋಗ್ಯವಂತರ ಫಲಿತಾಂಶವನ್ನು ಅವರಿಗೆ ಹೇಳುವ ಹಾಗಿಲ್ಲ ಎಂಬುದು ನಿಯಮ, ಅದು ರೋಗ ಪತ್ತೆಯ ಪರೀಕ್ಷೆಯೇ ಅಲ್ಲ. ಆದರೆ ಗಾಡಿ ಬಿಟ್ಟುಹೋದ ದಿನದಿಂದ ಗಾಜಣ್ಣ ಆಕೆಯನ್ನು ನೋಡುವ ರೀತಿ ಬೇರೆಯಾಗಿತ್ತು. ಒಂದು ಬೆಳಗ್ಗೆ ಆಕೆ ಕೆಳಗೆ ಬಂದಳು. ಅವನು ಬ್ರಷ್ಷು ಕೆಳಗಿಟ್ಟು, "ಮೇಡಂ, ಒಂದೇ ಮಾತು. ನಾನು ಎಷ್ಟು ದಿನಕ್ಕೆ ಮನೆಯವರ ಗುರುತು ಮರೀತೀನಿ? ಅವಳಿಗೆ ಮೊದಲೇ ಹೇಳಿಡಬೇಕು" ಎಂದ.

ಆಕೆ ತನಗೆ ಗೊತ್ತಿಲ್ಲ ಎಂದಳು. ಈ ಪುಟಾಣಿ ಹೆಚ್ಚಾದ್ದರಿಂದ ಗೋಡೆ ಸೋರಿತೋ, ಗೋಡೆ ಸೋರಿದ್ದರಿಂದ ಪುಟಾಣಿ ಹೆಚ್ಚಾಯಿತೋ, ಅದೂ ಗೊತ್ತಿಲ್ಲ. ಬೋನಿನ ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ನಿಜವೋ, ಅದೂ ಪೂರ್ತಿ ಗೊತ್ತಿಲ್ಲ. ಇಷ್ಟು ಓದಿದವರಿಗೆ ಇಷ್ಟು ಗೊತ್ತಿಲ್ಲದೆ ಇರುವುದು ಹೇಗೆ ಸಾಧ್ಯ ಎಂದು ಗಾಜಣ್ಣ ತಬ್ಬಿಬ್ಬಾದ. ಪ್ರೊಫೆಸರರಿಗೆ ಎಲ್ಲ ಗೊತ್ತಿತ್ತಲ್ಲ? ಇನ್ನೊಂದು ಸಲ ರಕ್ತ ಕೊಡಿ, ಮತ್ತೆ ಅಳೆಯುತ್ತೇನೆ ಎಂದು ಆಕೆ ಕೇಳಿಕೊಂಡಳು. ಮೇಲಿನವರಿಗೆ ತಿಳಿಸಿಯೇ ಬಂದಿದ್ದೇನೆ ಎಂದೂ ಹೇಳಿದಳು. ಪ್ರೊಫೆಸರರು ಒಪ್ಪಿದ್ದರು, ಎರಡು ಚುಕ್ಕೆ ಆಗುತ್ತದಲ್ಲ ಎಂದು.

ರಕ್ತ ತೆಗೆಯುವ ಕೋಣೆ ಮೊದಲನೇ ಅಂತಸ್ತಿನ ಮೂಲೆಯಲ್ಲಿದೆ. ಒಂದು ಕುರ್ಚಿ, ಒಂದು ಕಿಟಕಿ, ನಗದ ಒಬ್ಬ ನರ್ಸಮ್ಮ. ಆಕೆ ಹೋದ ಸಲದ ಹಾಗೆಯೇ ರಕ್ತ ತೆಗೆದು, ಹೋದ ಸಲದ ಹಾಗೆಯೇ, "ಹೇಗೂ ಮೇಲೆ ಹೋಗ್ತೀರಲ್ಲ ಗಾಜಣ್ಣ, ನಿಮ್ಮದು ನೀವೇ ತಗೊಂಡು ಹೋಗಿ" ಎಂದು ಟ್ಯೂಬನ್ನು ಅವನ ಕೈಗೆ ಕೊಟ್ಟರು. ಬೇರೆಯವರ ಟ್ಯೂಬುಗಳು ಪೆಟ್ಟಿಗೆಯಲ್ಲಿ ಅಲುಗಾಡದೆ ಹೋಗುತ್ತಿದ್ದವು. ಆದರೆ ಗಾಜಣ್ಣ ಮನೆಯವನ ಹಾಗೆ, ಅವನಿಗೆ ಪೆಟ್ಟಿಗೆ ಯಾಕೆ?

ಸಂಶೋಧಕಿ ಮೆಟ್ಟಿಲಲ್ಲಿ ಅವನ ಹಿಂದೆಯೇ ಬರುತ್ತಿದ್ದಳು. ಅವನು ಒಂದೊಂದೇ ಮೆಟ್ಟಿಲು ಹತ್ತುತ್ತ, ತನ್ನ ತಾಯಿಯ ವಿಷಯ ಹೇಳುತ್ತಿದ್ದ. ಟವೆಲಿನ ವಿಷಯ, ಕಿಟಕಿಯ ವಿಷಯ. ಆಕೆಯ ಕಣ್ಣು ಅವನ ಬಲಗೈಯ ಮೇಲೆ ಬಿತ್ತು. ಆ ಕೈ ಅದರ ಪಾಡಿಗೆ ಅದು ಟ್ಯೂಬನ್ನು ಮೂರು ಸಲ ಜೋರಾಗಿ ಕುಲುಕಿತು. ಒಂದು ಸಲ ಮಗುಚಿತು. ನಾಲ್ಕು ಮೆಟ್ಟಿಲು ಸುಮ್ಮನಿತ್ತು. ಮತ್ತೆ ಮೂರು ಸಲ ಕುಲುಕಿತು, ಒಂದು ಸಲ ಮಗುಚಿತು.

"ಗಾಜಣ್ಣ, ಏನು ಮಾಡ್ತಿದೀರಿ?"

ಅವನು ತಿರುಗಿ ನೋಡಿದ. "ಏನು ಮಾಡ್ತಿದೀನಿ? ಮೆಟ್ಟಿಲು ಹತ್ತುತ್ತಿದೀನಿ."

"ಕೈಯಲ್ಲಿ?"

ಅವನು ಕೈ ನೋಡಿಕೊಂಡ. ಕೈ ಆಗ ಸುಮ್ಮನಿತ್ತು, ಏನೂ ಗೊತ್ತಿಲ್ಲದ ಕೂಸಿನ ಹಾಗೆ. "ಕೈಯಲ್ಲಿ ನನ್ನ ರಕ್ತ ಇದೆ" ಎಂದ, ಸ್ವಲ್ಪ ನೊಂದುಕೊಂಡು.

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎರಡೂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನಕ್ಕಳೋ ಅತ್ತಳೋ ಗಾಜಣ್ಣನಿಗೆ ತಿಳಿಯಲಿಲ್ಲ.

ಆಮೇಲೆ ಹೊರಬಿದ್ದದ್ದು ಇಷ್ಟು. ರಕ್ತವನ್ನು ಹಾಗೆ ಕುಲುಕಿದರೆ ಅದರ ಕೆಂಪು ಕಣಗಳು ಒಡೆಯುತ್ತವೆ. ಕೆಂಪು ಕಣದ ಹೊಟ್ಟೆಯಲ್ಲಿ ಆಕೆ ಅಳೆಯುತ್ತಿದ್ದ ಅದೇ ಪುಟಾಣಿ ಆರ್‌ಎನ್‌ಎ ರಾಶಿರಾಶಿ ಇರುತ್ತದೆ. ಕಣ ಒಡೆದರೆ ಅದೆಲ್ಲ ಹೊರಗೆ ಚೆಲ್ಲಿ ಲೆಕ್ಕ ಏರುತ್ತದೆ. ಸೋರಿದ್ದು ಗಾಜಣ್ಣನ ತಲೆಯ ಗೋಡೆಯಲ್ಲ, ಅವನ ಕೈಯಲ್ಲಿದ್ದ ಕೆಂಪು ಕಣಗಳು. ಆಕೆ ಓಡಿಹೋಗಿ ಪ್ರಯೋಗದ ಹಳೆಯ ಪುಸ್ತಕ ತೆರೆದಳು. ಹೋದ ಸಲ ಆ ಟ್ಯೂಬನ್ನು, ಕಣಗಳನ್ನು ತಳಕ್ಕಿಳಿಸಿ ತಿಳಿಯನ್ನು ಮೇಲೆ ಉಳಿಸುವ ತಿರುಗುಯಂತ್ರಕ್ಕೆ ಹಾಕಿ ತೆಗೆದಾಗ ಆಕೆಯೇ ಪೆನ್ಸಿಲಿನಲ್ಲಿ ಬರೆದಿದ್ದ ಒಂದು ಸಣ್ಣ ಟಿಪ್ಪಣಿ ಅಂಚಿನಲ್ಲಿ ಸಿಕ್ಕಿತು: "ಮೇಲಿನ ತಿಳಿ ಸ್ವಲ್ಪ ಗುಲಾಬಿ?" ಆ ಪ್ರಶ್ನೆಚಿಹ್ನೆಯನ್ನು ಆಕೆ ಮೂವತ್ತು ಟ್ಯೂಬುಗಳ ಗಡಿಬಿಡಿಯಲ್ಲಿ ಮರೆತಿದ್ದಳು. ತಿಳಿ ಒಣಹುಲ್ಲಿನ ಬಣ್ಣ ಇರಬೇಕು. ಗುಲಾಬಿ ಇದ್ದರೆ ಕಣ ಒಡೆದಿದೆ ಎಂದರ್ಥ. ಇದು ಆಕೆಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದದ್ದೇ ಕೈಕೊಟ್ಟಿತು.

ಸುದ್ದಿ ಪ್ರೊಫೆಸರರಿಗೂ ಮುಟ್ಟಿತು. ತಮಗೆ ಮೊದಲಿಂದಲೂ ಅನುಮಾನ ಇತ್ತು ಎಂದರು. ಸಮ್ಮೇಳನಕ್ಕೆ ಹೊಸ ಶೀರ್ಷಿಕೆ ಹೋಯಿತು: ರಕ್ತದ ಮಾದರಿ ಸಂಗ್ರಹದಲ್ಲಿ ವಹಿಸಬೇಕಾದ ಎಚ್ಚರಿಕೆಗಳು. ಭಾಷಣ ಬಹಳ ಮೆಚ್ಚುಗೆ ಗಳಿಸಿತು ಎಂದು ಅವರೇ ಹೇಳಿದ್ದಾರೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನಾನು ಅಂದು ಸಂಜೆ ಗಾಜಣ್ಣನನ್ನು ಅಭಿನಂದಿಸಲು ಹೋದೆ. ಅವನು ಗೋಡೆಗೆ ಮುಖ ಮಾಡಿ ಕೂತಿದ್ದ. ಎದುರಿಗೆ ಮೇಜಿನ ಮೇಲೆ ಒಂದು ನೀರಿನ ಬಾಟಲಿ. ಅದನ್ನೇ ದಿಟ್ಟಿಸುತ್ತಿದ್ದ, ಕಚ್ಚುವ ನಾಯಿಯನ್ನು ನೋಡುವ ಹಾಗೆ.

"ನನಗೆ ಗೊತ್ತಿಲ್ಲದೆ ನನ್ನ ಕೈ ಕೆಲಸ ಮಾಡ್ತಿದೆ ಮಾರಾಯ," ಎಂದ. "ಅಮ್ಮನದೂ ಹಾಗೇ ಶುರುವಾಗಿದ್ದು."

ಈ ಸಲ ನನಗೆ ಗಂಭೀರ ಧ್ವನಿ ಬರಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿತ್ತು. ಪುಟಾಣಿ ಆರ್‌ಎನ್‌ಎ ಹೇಳಿದ್ದು ಸುಳ್ಳು ಎಂದು ಸಾಬೀತಾದದ್ದು ಯಾವುದರಿಂದ? ಅವನ ಕೈ ಅವನಿಗೆ ಗೊತ್ತಿಲ್ಲದೆ ಆಡಿದ್ದರಿಂದ. ಗೊತ್ತಿಲ್ಲದೆ ಆಡುವ ಕೈಯೇ ಅಲ್ಲವೇ ಅವನು ನಾಲ್ಕು ವರ್ಷ ಕಿಟಕಿಯ ಪಕ್ಕ ನೋಡಿದ್ದು? ಒಂದು ಬಾಗಿಲಿಂದ ಆಚೆ ಹಾಕಿದ ಭಯ ಕಿಟಕಿಯಿಂದ ಒಳಗೆ ಬಂದು ಕೂತಿತ್ತು.

ಮೂರನೇ ಸಲದ ರಕ್ತವನ್ನು ಸಂಶೋಧಕಿಯೇ ಪೆಟ್ಟಿಗೆಯಲ್ಲಿಟ್ಟು ಒಯ್ದಳು. ಗಾಜಣ್ಣ ಹಿಂದೆ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಹೋದ. ಯಂತ್ರ ಗಿರಗಿರ ತಿರುಗಿ ನಿಂತಮೇಲೆ ಆಕೆ ಟ್ಯೂಬನ್ನು ಬೆಳಕಿಗೆ ಹಿಡಿದಳು. ಕೆಳಗೆ ಕೆಂಪು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ, ನಡುವೆ ನೇರ ಗೆರೆ. ಗಾಜು ಬೆಳಕಿಗೆ ಹಿಡಿದು ನೋಡುವುದರಲ್ಲಿ ಅವನೂ ಪಳಗಿದವನೇ. ಬಹಳ ಹೊತ್ತು ನೋಡಿದ. "ಚೆನ್ನಾಗಿ ತೊಳೆದ ಹಾಗಿದೆ" ಎಂದ.

ಎರಡು ವಾರದ ನಂತರ ಲೆಕ್ಕ ಬಂತು. ಈ ಸಲ ಅವನ ಚುಕ್ಕೆ ಉಳಿದ ಹತ್ತೊಂಬತ್ತು ಜನರ ಜತೆಯಲ್ಲೇ ಇತ್ತು. ಆದರೆ ಒಮ್ಮೆ ಕೆಟ್ಟ ಮಾದರಿಯನ್ನು ಮತ್ತೆ ಸೇರಿಸುವಂತಿಲ್ಲವಂತೆ, ಪಟ್ಟಿಯಲ್ಲಿ ಏಳರ ಮೇಲೆ ಗೆರೆ ಎಳೆಯಲಾಯಿತು. ಆರಾದ ಮೇಲೆ ಎಂಟು. ಹಾಗಾದರೆ ತನ್ನ ಗೋಡೆ ಗಟ್ಟಿ ಇದೆ ತಾನೇ ಎಂದು ಗಾಜಣ್ಣ ಕೇಳಿದ.

ಸಂಶೋಧಕಿ ಸುಳ್ಳು ಹೇಳಲು ಬಾರದ ಹೆಣ್ಣುಮಗಳು. "ನಿಮ್ಮ ಗೋಡೆ ಬಗ್ಗೆ ನನಗೆ ಏನೂ ಗೊತ್ತಿಲ್ಲ ಗಾಜಣ್ಣ. ಕೆಟ್ಟಿದೆ ಅನ್ನೋಕೆ ನಮ್ಮ ಹತ್ತಿರ ಇದ್ದ ಒಂದೇ ಸಾಕ್ಷಿ ಬಿದ್ದುಹೋಯ್ತು, ಅಷ್ಟೇ."

ಈ ವಾಕ್ಯವನ್ನು ಅವನು ಕದಡದ ಹಾಗೆ ಜೋಪಾನವಾಗಿ ಮನೆಗೆ ತಂದ. ಊಟದ ಹೊತ್ತು. ನನ್ನನ್ನೂ ಕೂರಿಸಿಕೊಂಡು, ಅದನ್ನು ನಮ್ಮ ಮುಂದಿಟ್ಟು, ಇದರ ಅರ್ಥ ಏನು ಹೇಳಿ ಎಂದ.

"ಚೆನ್ನಾಗಿದೀರಿ ಅಂತ ಅರ್ಥ," ಎಂದರು ಅತ್ತಿಗೆ, ಬಡಿಸುತ್ತ.

"ಹಾಗಂತ ಅವರು ಹೇಳಲಿಲ್ಲ ಕಣೇ."

"ಚೆನ್ನಾಗಿಲ್ಲ ಅಂತಾನೂ ಹೇಳಲಿಲ್ಲ."

"ಮತ್ತೆ ಈ ಕೈ?"

ಅತ್ತಿಗೆ ಕೂತು ಊಟ ಶುರು ಮಾಡಿದರು. ಅವನು ಕಾದ. ಅವರು ಎರಡು ತುತ್ತು ತಿಂದು, "ಮೇಜಿನ ಕೆಳಗೆ ಬಗ್ಗಿ ನೋಡಿ" ಎಂದರು.

ಗಾಜಣ್ಣ ಬಗ್ಗಿದ. ಸೋರಿಕೆ ಜಾಸ್ತಿಯಾದೀತೆಂದು ಎಷ್ಟೋ ವಾರಗಳಿಂದ ಬಗ್ಗಿರಲಿಲ್ಲ. ನಾನೂ ಬಗ್ಗಿದೆ. ಅತ್ತಿಗೆಯ ಬಲಗಾಲು ಎಂದಿನಂತೆ ಇಲ್ಲದ ಯಂತ್ರವನ್ನು ತುಳಿಯುತ್ತಿತ್ತು, ಹೆಬ್ಬೆರಳು ಮೇಲೆ, ಹಿಮ್ಮಡಿ ಕೆಳಗೆ, ಹೆಬ್ಬೆರಳು ಕೆಳಗೆ, ಹಿಮ್ಮಡಿ ಮೇಲೆ.

"ಮೂವತ್ತು ವರ್ಷದಿಂದ ಅದು ನನ್ನ ಮಾತು ಕೇಳಿಲ್ಲ," ಮೇಲಿಂದ ಅವರ ದನಿ ಬಂತು. "ನಾನು ನಿಮ್ಮ ಗುರುತು ಮರೆತಿದೀನಾ? ಮರೆತಿದ್ರೆ ಎಷ್ಟೋ ಆರಾಮಾಗಿ ಇರ್ತಿದ್ದೆ."

ಗಾಜಣ್ಣ ಮೇಲೆದ್ದು ಕೂತ. ಅವನ ಮುಖದಲ್ಲಿ ಗೊಂದಲ ಹಾಗೇ ಇತ್ತು. ಆದರೆ ಆ ಗೊಂದಲ ಕೂತ ಜಾಗ ಬದಲಾಗಿತ್ತು, ಹಣೆಯಿಂದ ಇಳಿದು ಹುಬ್ಬಿನ ಹತ್ತಿರ ಬಂದಿತ್ತು. ಅಮ್ಮನಿಗೆ ಮರೆವು ಬಂದದ್ದಕ್ಕೂ ಟವೆಲಿಗೂ ಸಂಬಂಧ ಇರಲಿಲ್ಲವೋ ಏನೋ ಎಂದ. ಟವೆಲು ಮಡಿಸುವುದು ಮರೆವಿಗೂ ಮೊದಲಿನದು, ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವರು ಇಪ್ಪತ್ತೈದು ವರ್ಷ ದುಡಿದವರಲ್ಲವೇ, ಎಲ್ಲ ಹೋದಮೇಲೆ ಉಳಿದದ್ದು ಅದೊಂದೇನೋ ಎಂದ. ಆಮೇಲೆ, ಹಾಗಲ್ಲದೆಯೂ ಇರಬಹುದು ಎಂದ. ಹೇಳುತ್ತ ಹೇಳುತ್ತ ನೀರು ಕುಡಿಯಲೆಂದು ಬಾಟಲಿ ಎತ್ತಿಕೊಂಡ.

ನಾನು ಬಾಯಿ ತೆರೆದೆ. ಅತ್ತಿಗೆ ಕಣ್ಣಲ್ಲೇ ಬೇಡ ಎಂದರು.

ಅವನು ಮಾತಾಡುತ್ತಲೇ ಇದ್ದ. ಕೈ ಮೂರು ಸಲ ಕುಲುಕಿತು. ಮುಚ್ಚಳ ಭದ್ರವಾಗಿದೆಯೇ ಎಂದು ಅತ್ತಿಗೆ ಒಮ್ಮೆ ನೋಡಿ, ತಮ್ಮ ತಟ್ಟೆಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡರು.